ಒಡೆಯದ ಹಾಲು

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅನಿತಾ ಕಿಟಕಿಯ ಹತ್ತಿರ ಬಗ್ಗಿದಳು. ಸೀಸೆಯ ತಳದಲ್ಲಿ ಒಂದು ಗೆರೆ ಕಾಣಿಸಿತು. ನಿನ್ನೆ ಸಂಜೆ ಇರಲಿಲ್ಲ. ನಿದ್ದೆಗಣ್ಣೋ ಏನೋ ಎಂದು ಮುಂಗೈಯಿಂದ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಗೆರೆ ಅಲ್ಲೇ ಇತ್ತು. ಅದರ ಕೆಳಗೆ ಒಂದು ಬೆರಳಿನಷ್ಟು ತಿಳಿನೀರು, ಮೇಲೆ ಬೆಳ್ಳನೆಯ ಹಾಲು, ಹಾಲಿನ ನೆತ್ತಿಯ ಮೇಲೆ ರವೆಯಂಥ ಸಣ್ಣ ಸಣ್ಣ ಕಾಳು.

"ನಿನ್ ಮನೆ ಕಾಯೋಗ!" ಎಂದಳು ಸೀಸೆಗೆ. ಅರ್ಧ ಬೈಗುಳ ಪೇಸ್ಟಿನ ನೊರೆಯ ಜೊತೆ ಕಿಟಕಿಯ ಸರಳಿಗೆ ಹಾರಿತು. "ಬೆಳಿಗ್ಗೆಬೆಳಿಗ್ಗೇನೇ ಯಾರಿಗೆ ಬೈಯ್ತಿರೋದು?" ಎಂದು ಒಳಗಿನಿಂದ ಕೇಳುವವರೂ ಇರಲಿಲ್ಲ. ಅತ್ತೆ ಹೊಂಬಾಳಮ್ಮ ಮೊನ್ನೆಯಷ್ಟೇ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದ್ದಳು. ಮಗಳು ಆಶಾಳಿಗೆ ಆಪರೇಷನ್ ಮಾಡಿ ಕೂಸು ತೆಗೆದಿದ್ದರು. ಹೊಲಿಗೆ ಹಾಕಿದ ಮೈಯಲ್ಲಿ ಬಾಣಂತಿ ತವರಿಗೆ ಬರುವುದು ಬೇಡವೆಂದು ತಾಯಿಯೇ ಬಟ್ಟೆಗಂಟು ಕಟ್ಟಿಕೊಂಡು ಹೊರಟಿದ್ದಳು.

ಸೀಸೆಯಲ್ಲಿದ್ದದ್ದು ದನದ ಹಾಲಲ್ಲ. ಮೈಗೆ ಹಚ್ಚಿಕೊಳ್ಳಲೆಂದು ತೆಂಗಿನೆಣ್ಣೆಯನ್ನೂ ನೀರನ್ನೂ ಒಂದು ಮಾಡಿ ಅನಿತಾ ತಯಾರಿಸಿದ ಲೋಶನ್ನು. ಇವರ ಊರು ಬಿಳಿಗೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ರೇಣುಕಪ್ರಸಾದನ ಎಣ್ಣೆ ಮಿಲ್ಲಿದೆ. ಅಲ್ಲಿಯ ಹೆಂಗಸರು ಇದಕ್ಕೆ 'ಅನಿತಕ್ಕನ ಹಾಲು' ಎಂದೇ ಹೆಸರಿಟ್ಟಿದ್ದರು. ಬಿ.ಎಸ್‌ಸಿ. ಓದಿದ್ದಕ್ಕೆ ಅವಳಿಗೆ ಅಲ್ಲಿ ಎಣ್ಣೆ ಪರೀಕ್ಷೆ ಮಾಡುವ ಕೆಲಸ, ಒಂದು ಬಿಳಿ ಕೋಟು, ಒಂದು ಮುರುಕಲು ಮೇಜು ಸಿಕ್ಕಿದ್ದವು. ಹಾಲಿನ ಹುಚ್ಚು ಹತ್ತಿದ್ದು ಆಮೇಲೆ.

ಗಟ್ಟಿ ಕ್ರೀಮು ಮಾಡುವುದು ಏನು ಮಹಾ! ಅದರೊಳಗೆ ಎಣ್ಣೆಯ ಹನಿ ಎಲ್ಲಿ ಬಿತ್ತೋ ಅಲ್ಲೇ, ಕೆಸರಿಗೆ ಇಳಿದ ಎಮ್ಮೆಯ ಹಾಗೆ, ಮೇಲೇಳುವ ಮಾತೇ ಇಲ್ಲ. ಆದರೆ ರೇಣುಕಪ್ರಸಾದನಿಗೆ ಬೇಕಾಗಿದ್ದದ್ದು ತೆಳ್ಳಗೆ ನೀರಿನ ಹಾಗೆ ಹರಿಯುವಂಥದ್ದು. ಮುಚ್ಚಳದ ಗುಂಡಿ ಒತ್ತಿದರೆ ಚಿಮ್ಮಬೇಕು, ಅಂಗೈಗೆ ಅಂಟಬಾರದು, ಅಂಗಿಗೆ ಕಲೆಯಾಗಬಾರದು. ತೆಳ್ಳಗಿನದರಲ್ಲಿ ಹನಿಗಳಿಗೆ ಹಿಡಿತ ಎಲ್ಲಿಂದ ಬರಬೇಕು? ಅವು ಅಡ್ಡಾಡಿಕೊಂಡು ತಮ್ಮ ಕುಲದವರನ್ನು ಹುಡುಕಿ, ಗುಂಪು ಕಟ್ಟಿಕೊಂಡು ಮೇಲೆ ಹೋಗಿ ಕೂತುಬಿಡುತ್ತವೆ. ನೀರು ತಳದಲ್ಲಿ ಒಂಟಿಯಾಗಿ ಉಳಿಯುತ್ತದೆ. ಹಾಗಾಗದಂತೆ ತಡೆಯುವುದಕ್ಕೆ ಅನಿತಾ ಒಂದು ವರ್ಷ ಹೆಣಗಿದ್ದಳು. ಎರಡನ್ನೂ ಹಿಡಿದಿಡುವ ಮೇಣದ ಪುಡಿಯನ್ನು ಬದಲಾಯಿಸಿದಳು, ಕಡೆಯುವ ಮಿಷಿನ್ನಿನ ವೇಗ ಬದಲಾಯಿಸಿದಳು. ಚೆಲ್ಲಿದ ಹಾಲಿನಲ್ಲಿ ಒಂದು ಕೊಳವನ್ನೇ ತುಂಬಿಸಬಹುದಿತ್ತು.

ಕೊನೆಗೆ ದೀಪಾವಳಿ ಕಳೆದ ಮೇಲೆ ಮಾಡಿದ ಹಾಲು ನಿಂತಿತು. ಒಂದು ಸೀಸೆಯನ್ನು ಮಿಲ್ಲಿನ ಕಪಾಟಿನಲ್ಲಿಟ್ಟಳು. ಆದರೆ ಅಲ್ಲಿ ಕೊಬ್ಬರಿ ಒಣಗಿಸುವ ಡ್ರೈಯರು ಹಗಲೂ ರಾತ್ರಿ ಉರಿಯುತ್ತಿರುತ್ತದೆ, ಬಾಣಂತಿ ಕೋಣೆಯ ಹಾಗೆ ಸದಾ ಬೆಚ್ಚಗೆ. ಚಳಿ ತಾಗದೆ ಪರೀಕ್ಷೆ ಎಂಥದು? ಅದಕ್ಕೇ ಇನ್ನೊಂದನ್ನು ಮನೆಗೆ ತಂದು ನಡುಮನೆಯ ಕಿಟಕಿಯಲ್ಲಿಟ್ಟು, 'ಮುಟ್ಟಬಾರದು' ಎಂದು ಚೀಟಿ ಅಂಟಿಸಿದ್ದಳು.

ರೇಣುಕಪ್ರಸಾದ್ ಮುಚ್ಚುಮರೆ ಮಾಡುವವನಲ್ಲ. ಎಣ್ಣೆ ತುಂಬುವ, ಅವಳು ಮಾಡುತ್ತಿದ್ದ ಪರೀಕ್ಷೆಯನ್ನೂ ತಾನೇ ಮಾಡುವ ಹೊಸ ಯಂತ್ರ ಬಂದ ದಿನವೇ ಹೇಳಿದ್ದ. "ನೋಡಿ ಅನಿತಮ್ಮ, ಈ ಹಾಲು ಶಿವರಾತ್ರಿ ಗಂಟ ಒಡೀದೆ ನಿಂತ್ರೆ ಬೆಂಗ್ಳೂರಿನ ಪಾರ್ಟಿ ತಗತೀನಿ ಅಂದವ್ರೆ. ಆ ಸೆಕ್ಷನ್ ಪೂರ್ತಿ ನಿಮ್ದೇ. ನಿಲ್ಲಲಿಲ್ಲ ಅಂದ್ರೆ, ಕೆಲ್ಸ ಇಲ್ದಿದ್ ಕಡೆ ನಾನಾದ್ರೂ ಎಷ್ಟು ದಿನ ಅಂತ ಇಟ್ಕಳ್ಳಲಿ, ನೀವೇ ಹೇಳಿ."

ಕೆಲಸ ಹೋದರೆ ತುರುವೇಕೆರೆಯ ತವರೇ ಗತಿ. ಅಣ್ಣ ಕಲ್ಲೇಶ್ ಫೋನು ಮಾಡಿದಾಗಲೆಲ್ಲ, "ಒಬ್ಳೇ ಅಲ್ಲಿ ಏನ್ ಮಾಡ್ತೀಯ? ಬಂದ್ಬುಡು" ಎನ್ನುತ್ತಿದ್ದ. ಅಣ್ಣ ಒಳ್ಳೆಯವನೇ. ಆದರೆ ಹೆಣ್ಣುಮಗಳು ತವರಿನಲ್ಲಿ ಒಂದು ವಾರವಿದ್ದರೆ ಮಗಳು, ಒಂದು ತಿಂಗಳಿದ್ದರೆ ನೆಂಟಳು, ಅದಕ್ಕೂ ಮೀರಿದರೆ ಸೌಟು ಎಲ್ಲಿಡಲಿ ಎಂದು ಅತ್ತಿಗೆಯನ್ನು ಕೇಳಿ ಕೇಳಿ ಇಡಬೇಕಾದವಳು. ಅದು ಅನಿತಾಳಿಗೆ ಬೇಡವಾಗಿತ್ತು. ಈ ಮನೆಯಲ್ಲೇ, ತನ್ನ ದುಡಿಮೆಯಲ್ಲೇ ಇರಬೇಕು ಎಂಬುದೊಂದೇ ಆಸೆ. ಆ ಆಸೆ ಪೂರ್ತಿ ಈಗ ಒಂದು ಸೀಸೆಯೊಳಗಿತ್ತು.

ಕಲ್ಲೇಶ್ 'ಒಬ್ಳೇ' ಎನ್ನುವಾಗ 'ಅತ್ತೆ ಇದ್ದಾರಲ್ಲ' ಎಂದು ಅವಳೂ ತಿದ್ದುತ್ತಿರಲಿಲ್ಲ. ಮೂರು ವರ್ಷದ ಕೆಳಗೆ ಗಂಡ ಸಿದ್ಧಾರ್ಥನ ಬೈಕು ಕೆ.ಬಿ. ಕ್ರಾಸಿನ ಹತ್ತಿರ ಲಾರಿಗೆ ಸಿಕ್ಕಿತು. ಮನೆಯಲ್ಲಿ ಉಳಿದವರು ಇವರಿಬ್ಬರೇ. ಮೊದಲ ವರ್ಷ ಅತ್ತೆ ಸೊಸೆ ಸಣ್ಣಪುಟ್ಟದ್ದಕ್ಕೆಲ್ಲ ಕಿತ್ತಾಡಿದರು. ಎಣ್ಣೆ-ಸೀಗೇಕಾಯಿ ಎಂದು ಊರವರು ಆಡಿಕೊಂಡರು. ಆಮೇಲೆ ಜಗಳವೂ ನಿಂತಿತು. ಜಗಳಕ್ಕಾದರೂ ಎರಡು ಮಾತು ಬೇಕಲ್ಲ! 'ಊಟ ಐತೆ', 'ಕರೆಂಟ್ ಬಂತು', 'ಬಾಗ್ಲು ಹಾಕ್ಕ' ಎನ್ನುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಸಂಜೆ ಸೊಸೆ ನಡುಮನೆಯಲ್ಲಿ ಮೊಬೈಲು ನೋಡುತ್ತಿದ್ದಳು, ಅತ್ತೆ ಜಗಲಿಯಲ್ಲಿ ಕುಳಿತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ಇಬ್ಬರು ಹೆಂಗಸರಿಗೆ ಎಷ್ಟು ಪೊರಕೆ ಬೇಕು? ಅಟ್ಟದ ತುಂಬ ಪೊರಕೆಯಾಗಿತ್ತು.

ಅನಿತಾ ಬಕೆಟ್ಟಿಗೆ ಕರೆಂಟಿನ ಕಾಯಿಲ್ ಇಳಿಬಿಟ್ಟು ಸ್ನಾನ ಮುಗಿಸಿದಳು. ಅತ್ತೆ ಇದ್ದಾಗ ಕೋಳಿ ಕೂಗುವ ಮೊದಲೇ ಎದ್ದು, ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆ ನೀರು ಕಾಯಿಸಿಡುತ್ತಿದ್ದಳು. ಒಬ್ಬಳಿಗೋಸ್ಕರ ಹಂಡೆಗೆ ಬೆಂಕಿ ಹಾಕಲು ಅನಿತಾಳಿಗೆ ಮನಸ್ಸು ಬಂದಿರಲಿಲ್ಲ. ಕಾಯಿಲ್ಲಿನ ನೀರು ಮೇಲೆ ಸುಡುತ್ತದೆ, ತಳದಲ್ಲಿ ತಣ್ಣಗೇ ಇರುತ್ತದೆ.

ಮಿಲ್ಲಿಗೆ ಹೋದವಳೇ ಕಪಾಟು ತೆಗೆದಳು. ಅಲ್ಲಿನ ಸೀಸೆ ಮೊದಲ ದಿನದ ಹಾಗೇ ಇತ್ತು. ಬೆಳಕಿಗೆ ಹಿಡಿದರೂ ಗೆರೆಯಿಲ್ಲ, ಕಾಳಿಲ್ಲ. ಒಂದೇ ದಿನ, ಒಂದೇ ಪಾತ್ರೆಯಿಂದ ತುಂಬಿದ ಎರಡು ಸೀಸೆಗಳು. ಮನೆಯದಕ್ಕೆ ಚಳಿ ತಾಗಿತು ಎನ್ನೋಣವೆಂದರೆ, ಪುಷ್ಯ ಮಾಸದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದ ಚಳಿಗೇ ಜಗ್ಗದೆ ನಿಂತಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಅನ್ನುತ್ತಾರೆ. ಓಡಿಹೋಗುವ ಚಳಿಗೆ ಇಷ್ಟೊಂದು ಬಲವೇ?

ಅಷ್ಟರಲ್ಲಿ ರೇಣುಕಪ್ರಸಾದ್ ಬಾಗಿಲಿಗೆ ಬಂದು, "ಸೋಮವಾರ ಬೆಂಗ್ಳೂರಿನವ್ರು ಬತ್ತಾವ್ರೆ. ಮನೆ ಸೀಸೇನೂ ತಂದ್ಬುಡಿ. ಚಳೀಲಿ ನಿಂತಿದ್ದು ಅಂದ್ರೆ ಅದ್ರ ತೂಕಾನೇ ಬೇರೆ" ಎಂದ. ಅವನ ಕೈಯಲ್ಲಿ ಪ್ರಿಂಟಾಗಿ ಬಂದ ಲೇಬಲ್ಲಿನ ಸುರುಳಿಯಿತ್ತು. ಅನಿತಾ "ಹೂಂ ಸಾರ್" ಎಂದಳು. ಕೈಯಲ್ಲಿದ್ದ ಸೀಸೆಯನ್ನು ಕಪಾಟಿಗೆ ವಾಪಸಿಟ್ಟಳು.

ಸಂಜೆ ಅವಳು ಸೀಸೆಯ ಮುಂದೆ ಚಾಪೆ ಹಾಕಿಕೊಂಡು ಕುಳಿತಿದ್ದಾಗ ಪಕ್ಕದ ಮನೆಯ ಗಂಗಕ್ಕ ಬಟ್ಟಲಲ್ಲಿ ಹುರುಳಿ ಬಸ್ಸಾರು ಮುಚ್ಚಿಕೊಂಡು ಬಂದಳು. ಹೊಸಿಲು ದಾಟಿದವಳು ಕಿಟಕಿಯ ಕಡೆ ನೋಡಿ ಅಲ್ಲೇ ನಿಂತಳು.

"ಅಯ್ಯೋ, ನನ್ ಬಾಯಿಗ್ ಮಣ್ಣಾಕ! ಮರ್ತೇಬುಟ್ಟೆ ಕಣೇ!"

"ಏನ್ ಮರ್ತ್ರಿ ಗಂಗಕ್ಕ?"

"ನಿಮ್ಮತ್ತೆ ಬಸ್ ಹತ್ತೋವಾಗ ಸೆರಗು ಹಿಡ್ಕಂಡು ಹೇಳಿದ್ಲು. ಅನಿತಾ ಬೆಳಿಗ್ಗೆ ಬಾಗ್ಲಿಗೆ ನೀರಾಕಕ್ಕೆ ಹೋದಾಗ ಹಿತ್ಲಿಂದ ಬಂದು ಆ ಸೀಸೆನ ಒಂದ್ಸತಿ ಕುಲುಕಿಟ್ಟು ಹೋಗು ಅಂತ. ಇನ್ನೊಬ್ರ ಮನೇಗೆ ಕಳ್ಳೀ ಹಂಗೆ ಹೆಂಗವ್ವ ನುಗ್ಲಿ? ಇವತ್ತು ನಾಳೆ ಅಂತ ಮರ್ತೇಹೋಯ್ತು."

ಅನಿತಾ ಬಟ್ಟಲು ಇಸಿದುಕೊಂಡವಳು ಕೆಳಗಿಡುವುದನ್ನೇ ಮರೆತಳು. "ಕುಲುಕೋದಾ? ಯಾಕೆ?"

"ಯಾಕೆ ಅಂದ್ರೆ? ಅವ್ಳು ದಿನಾ ಕುಲುಕ್ತಿದ್ಲಲ್ಲ! ಎದ್ದೇಟಿಗೇ ಬಚ್ಲು ಒಲೆ ಹಚ್ಚಿ, ಸೀಸೆ ತಂದು ಒಲೆ ಕಟ್ಟೆ ಮ್ಯಾಲೆ ಇಟ್ಕಂಡು ಕೂರೋಳು. ಚಳೀಗೆ ಕೊಬ್ರಿ ಎಣ್ಣೆ ಗಟ್ಟಿ ಆದ್ರೆ ನಾವೆಲ್ಲಾ ಇಡಲ್ವಾ, ಹಂಗೆ. ಕರಗಿದ್ ಮ್ಯಾಲೆ ಮಜ್ಜಿಗೆ ಕುಲುಕ್ದಂಗೆ ಕುಲುಕಿ, ಸೆರಗಲ್ಲಿ ಒರಸಿ, ದೇವ್ರ ಸಾಮಾನು ತಗಂಡೋದಂಗೆ ತಗಂಡೋಗಿ ಇಡೋಳು. ನಾನು ಬೇಲಿ ಮ್ಯಾಲಿಂದ ನೋಡ್ತಿದ್ನಲ್ಲ. ನಿಂಗೊತ್ತಿಲ್ವಾ?"

ಗಂಗಕ್ಕ ಹೋದ ಮೇಲೂ ಅನಿತಾ ಬಟ್ಟಲು ಹಿಡಿದೇ ನಿಂತಿದ್ದಳು. ಮೊದಲು ಬಂದದ್ದು ಸಿಟ್ಟು. ಎಂಥ ಸಿಟ್ಟು ಎಂದರೆ ಅತ್ತೆ ಎದುರಿಗಿದ್ದಿದ್ದರೆ ಎರಡು ವರ್ಷದ ಮೌನವೆಲ್ಲ ಒಂದೇ ಏಟಿಗೆ ಹರಿದುಹೋಗುತ್ತಿತ್ತು. ಮುಟ್ಟಬಾರದು ಎಂದರೆ ಮುಟ್ಟಬಾರದು! ಅಲುಗಾಡದೆ ಎಷ್ಟು ದಿನ ನಿಲ್ಲುತ್ತದೆ ಎನ್ನುವುದೇ ಪರೀಕ್ಷೆ. ಚಳಿಗಾಲ ಪೂರ್ತಿ ತಾನು ಗೆದ್ದೆನೆಂದು ತಿಳಿದಿದ್ದಳು. ಹಾಲು ರಾತ್ರಿಯೆಲ್ಲ ಒಡೆಯುತ್ತಿತ್ತು, ಬೆಳಗಾಗುವ ಮೊದಲು ಯಾರೋ ಕೂಡಿಸಿಡುತ್ತಿದ್ದರು. ಅವಳು ಎದ್ದು ಬಂದು, ಭಲೇ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು.

ಸಿಟ್ಟು ಇಳಿದ ಮೇಲೆ ಇನ್ನೊಂದು ಯೋಚನೆ ಬಂತು. ಸೋಮವಾರ ಬೆಳಿಗ್ಗೆ ತಾನೂ ಬೆಚ್ಚಗೆ ಮಾಡಿ ಕುಲುಕಿ ತೆಗೆದುಕೊಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ? ಬೆಂಗಳೂರಿನವರು ನೋಡುವುದು ಒಂದು ಗಳಿಗೆ. ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ. ಬಸ್ಸಾರಿನಲ್ಲಿ ಮುದ್ದೆ ಮುರಿದುಕೊಂಡು ಇದನ್ನೇ ತಿರುವಿ ತಿರುವಿ ಯೋಚಿಸಿದಳು. ಆದರೆ ಆಮೇಲೆ? ಮುಂದಿನ ಚಳಿಗಾಲದಲ್ಲಿ ಯಾವುದೋ ಊರಿನ ಯಾವುದೋ ಬಚ್ಚಲಮನೆಯಲ್ಲಿ ಒಬ್ಬಳು ಗುಂಡಿ ಒತ್ತುತ್ತಾಳೆ, ಕಾಳು ಕಟ್ಟಿ ಏನೂ ಬರುವುದಿಲ್ಲ, ತೆಗೆದು ಮೂಲೆಗೆ ಎಸೆಯುತ್ತಾಳೆ. ಅನಿತಕ್ಕನ ಹಾಲು!

ಮರುದಿನ ಅವಳು ಹಾಲು ಒಡೆದ ಸೀಸೆಯನ್ನು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ರೇಣುಕಪ್ರಸಾದನ ಮೇಜಿನ ಮೇಲೆ ಇಟ್ಟು, ನಡೆದದ್ದನ್ನು ಇದ್ದ ಹಾಗೆ ಹೇಳಿದಳು.

ಅವನು ಸೀಸೆಯನ್ನು ಎತ್ತಿ ನೋಡಿ, ಮೂರು ನಾಲ್ಕು ಸಲ ಕುಲುಕಿದ. ಬಸ್ಸಿನ ಸೆಖೆಗೆ ಕಾಳು ಆಗಲೇ ಕರಗಿತ್ತು. ಹಾಲು ಒಂದಾಯಿತು.

"ಸರಿಹೋಯ್ತಲ್ಲ! ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕಂಡಿದ್ದೀರಿ? ಲೇಬಲ್ ಮ್ಯಾಲೆ 'ಬಳಸುವ ಮುನ್ನ ಚೆನ್ನಾಗಿ ಕುಲುಕಿ' ಅಂತ ಒಂದು ಸಾಲು ಹಾಕ್ಸಿದ್ರಾಯ್ತು. ಟಾನಿಕ್ ಬಾಟ್ಲಿ ಮ್ಯಾಲೆ ಇರಲ್ವಾ?"

"ಬರೀ ಕುಲುಕಿದ್ರೆ ಆಗಲ್ಲ ಸಾರ್. ದಿನಾ ಬೆಚ್ಚಗೆ ಮಾಡಿ, ದಿನಾ ಕುಲುಕಿದ್ದಕ್ಕೆ ಇದು ಉಳಿದಿದ್ದು. ನಾಲ್ಕು ದಿನ ಚಳೀಲಿ ಸುಮ್ನೆ ಬಿಟ್ರೆ ಎಣ್ಣೆ ಗಡ್ಡೆ ಕಟ್ಟಿ ಸ್ಪ್ರೇ ಕಟ್ಕೊಳುತ್ತೆ. ಆಮೇಲೆ ಎಷ್ಟು ಕುಲುಕಿದ್ರೂ ಕೂಡಲ್ಲ."

"ಜನ ಮಾಡ್ಕಂತಾರೆ ಬುಡೀಮ್ಮ."

"ಕೊಂಡ್ಕೊಂಡೋರ ಮನೇಲೆಲ್ಲ ನಮ್ಮತ್ತೆ ಇರಲ್ಲ ಸಾರ್."

ರೇಣುಕಪ್ರಸಾದ್ ಸೀಸೆಯನ್ನು ಮೇಜಿನ ಮೇಲಿಟ್ಟು ಫ್ಯಾನಿನ ಕಡೆ ನೋಡುತ್ತಾ ಕುಳಿತ. "ಎಣ್ಣೆ ಬಂದಾಗ ಕಣ್ಣು ಮುಚ್ಕಂಡಂಗಾಯ್ತಲ್ಲ ನಿಮ್ ಕತೆ" ಎಂದು ಗೊಣಗಿದ. "ಸೋಮವಾರ ಒಂದಿನ ಬಾಯ್ ಮುಚ್ಕಂಡಿದ್ರೆ ಏನಾಗ್ತಿತ್ತು?" ಕೊನೆಗೆ ಫೋನು ತೆಗೆದು, ಹಾಲಿನಲ್ಲಿ ಸಣ್ಣ ತೊಂದರೆಯಿದೆ, ಈಗ ಬರಬೇಡಿ ಎಂದು ಬೆಂಗಳೂರಿನವರಿಗೆ ಹೇಳಿದ. ಸುಳ್ಳು ಹೇಳಲಿಲ್ಲ, ಅದು ಅವನ ದೊಡ್ಡತನ. ಅವಳು ಸೀಸೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಾಗಿಲು ದಾಟುವಾಗ ಕೂಗಿ ಹೇಳಿದ. "ಕಡೆಯೋ ಮಿಷಿನ್ನ ಅರಸೀಕೆರೆಯವ್ರು ಕೇಳ್ತಾವ್ರೆ. ಯುಗಾದಿ ಆಗ್ತಿದ್ದಂಗೆ ಕೊಟ್ಬುಡ್ತೀನಿ. ಅಲ್ಲೀ ಗಂಟ ಅಲ್ಲೇ ನಿಂತಿರುತ್ತೆ. ಏನಾರ ಮಾಡಂಗಿದ್ರೆ ಮಾಡ್ಕಳಿ. ಆಮೇಲೆ ನನ್ ಕೇಳ್ಬ್ಯಾಡಿ."

ಆ ಸಂಜೆ ಅನಿತಾ ಅತ್ತೆಗೆ ಫೋನು ಮಾಡಿದಳು. ಮನೆಯೊಳಗೇ ಮಾತಾಡದವರು ಫೋನಿನಲ್ಲಿ ಏನು ಮಾತಾಡಿಯಾರು? ಗಂಟೆ ಹೊಡೆಯುತ್ತಿರುವಾಗಲೇ ಕಟ್ ಮಾಡಿಬಿಡೋಣವೆನ್ನಿಸಿತು. ಆ ಕಡೆ ಕೂಸಿನ ಅಳು, ಪಾತ್ರೆ ಬಿದ್ದ ಸದ್ದು, ಆಮೇಲೆ ಅತ್ತೆಯ ಗಾಬರಿಯ ದನಿ.

"ಯಾಕವ್ವ? ಏನಾಯ್ತು? ಗ್ಯಾಸ್ ಮುಗೀತಾ?"

"ಇಲ್ಲತ್ತೆ. ಸೀ‌ಸೆ..."

ಕೂಸಿನ ಅಳು ದೂರವಾಯಿತು, ಅತ್ತೆ ಫೋನು ಹಿಡಿದು ಹೊರಗೆ ಬಂದಿರಬೇಕು.

"ಒಡೀತಾ?" ಎಂದಳು ಹೊಂಬಾಳಮ್ಮ ಮೆಲ್ಲಗೆ. "ಆ ಗಂಗೀಗೆ ಹೇಳಿ ಹೇಳಿ ಬಂದಿದ್ದೆ. ಮರ್ತವ್ಳೆ ನೋಡು."

"ಯಾಕತ್ತೆ ಹಿಂಗ್ ಮಾಡಿದ್ರಿ? ಮುಟ್ಟಬಾರದು ಅಂತ ಬರ್ದು ಅಂಟ್ಸಿದ್ನಲ್ಲ."

"ನಂಗೇನ್ ಓದಾಕ್ ಬತ್ತೈತಾ?" ಎಂದವಳು ತಾನೇ ತಡೆದು, "ಓದಾಕ್ ಬರ್ದಿದ್ರೂ ಗೊತ್ತಿತ್ತು ಬುಡು, ಮುಟ್ಬಾರ್ದು ಅಂತ" ಎಂದಳು. "ಚಳಿ ಸುರುವಾದಾಗ ಒಂದಿನ ನೀರು ಕಾಸಕ್ಕೆ ಎದ್ದೆ ಕಣೇ. ನೋಡ್ತೀನಿ, ಒಡ್ಕಂಡು ನಿಂತೈತೆ. ಎಣ್ಣೆ ಗಡ್ಡೆ ಕಟ್ಕಂಡೈತೆ. ಅದ್ರ ಹಿಂದಿನ್ ದಿನಾನೇ ನಿಮ್ಮಣ್ಣ ಫೋನಾಗೆ ಅಂತಿದ್ದ, ಅದು ನಿಲ್ಲಲಿಲ್ಲ ಅಂದ್ರೆ ಗಂಟು ಕಟ್ಕಂಡು ಬಂದ್ಬುಡು ಅಂತ. ನೀನು ಫೋನ್ ಜೋರಾಗಿ ಇಕ್ಕಂಡಿದ್ದೆ, ಜಗ್ಲೀಗೆ ಕೇಳುಸ್ತು. ನಂಗೆ ಕೈಕಾಲೇ ಆಡ್ಲಿಲ್ಲ. ಒಲೆ ಮುಂದೆ ಇಟ್ಟು ಕುಲುಕ್ದೆ. ಒಂದಾಯ್ತು. ನೀನು ಎದ್ದು ಬಂದು ಅದನ್ನ ನೋಡಿ ನಕ್ಕೆ. ಸಿದ್ದ ಹೋದ್ ಮ್ಯಾಲೆ ಆ ಮನೇಲಿ ನೀನು ನಕ್ಕಿದ್ದು ಅವತ್ತೇ. ಆಮೇಲೆ ಬುಡಕ್ಕೆ ಮನ್ಸು ಬರ್ಲಿಲ್ಲ ಕಣವ್ವ."

ಅನಿತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ನೀನ್ ಹೊಂಟೋದ್ರೆ ನಾನು ಯಾರಿಗ್ ನೀರ್ ಕಾಸ್ಲಿ?" ಎಂದಳು ಹೊಂಬಾಳಮ್ಮ. "ನಾನೇ ಕೆಡಿಸ್ಬುಟ್ನೇನೋ. ಕೆಲ್ಸ ಹೋಯ್ತಾ?"

"ಇಲ್ಲತ್ತೆ. ಯುಗಾದಿ ಗಂಟ ಐತೆ. ನೀವ್ ಕೆಡಿಸ್ಲಿಲ್ಲ, ನಾನ್ ಮಾಡಿದ್ದೇ ಸರಿ ಇರ್ಲಿಲ್ಲ." ಅನಿತಾ ಮೂಗೊರೆಸಿಕೊಂಡಳು. "ನೀವ್ ಯಾವಾಗ ಬತ್ತೀರಾ?"

ಈ ಪ್ರಶ್ನೆಯನ್ನು ಅವಳು ಇದುವರೆಗೆ ಅತ್ತೆಗೆ ಕೇಳಿದ್ದೇ ಇಲ್ಲ. ಕೇಳಿಸಿಕೊಂಡವಳಿಗೂ ಅದು ಹೊಸದೇ ಆಗಿರಬೇಕು.

"ಕೂಸಿಗೆ ಕತ್ತು ನಿಲ್ಲೋ ಗಂಟ ಕಳ್ಸಲ್ಲ ಅಂತಾವ್ಳೆ ಆಶಾ. ಆಮ್ಯಾಲೂ ಇಲ್ಲೇ ಇದ್ಬುಡವ್ವ ಅಂತಾವ್ರೆ ಅಳೀಮಯ್ಯ. ನೋಡಾನ..." ಅಷ್ಟರಲ್ಲಿ ಕೂಸು ಕಿರುಚಿತು. "ಬತ್ತೀನಿ ಇರು, ಎಣ್ಣೆ ಒತ್ತಬೇಕು ಇದಕ್ಕೆ" ಎಂದಳು ಅತ್ತೆ, ಕೂಸಿಗೋ ಸೊಸೆಗೋ ತಿಳಿಯಲಿಲ್ಲ. ಫೋನು ಕಟ್ಟಾಯಿತು.

ಮನೆ ಸದ್ದಿಲ್ಲದೆ ಕುಳಿತಿತ್ತು. ಅತ್ತೆ ಇದ್ದಾಗಲೂ ಸದ್ದಿರಲಿಲ್ಲ, ಆದರೆ ಆ ಸದ್ದಿಲ್ಲದ್ದೇ ಬೇರೆ, ಇದೇ ಬೇರೆ. ಜಗಲಿಯಲ್ಲಿ ಗರಿ ಸೀಳುವ ಸರಕ್ ಸರಕ್ ಇಷ್ಟು ದಿನ ತನಗೆ ಕೇಳಿಸುತ್ತಿತ್ತು ಎನ್ನುವುದು ಅನಿತಾಳಿಗೆ ಗೊತ್ತಾದದ್ದೇ ಆಗ.

ಗಡ್ಡೆ ಕಟ್ಟುವುದೇ ರೋಗದ ಮೂಲ. ಚಳಿಗೆ ಎಣ್ಣೆಯ ಹನಿ ಹರಳುಗಟ್ಟುತ್ತದೆ, ಹರಳಿನ ಮೊನೆ ಪಕ್ಕದ ಹನಿಗೆ ಚುಚ್ಚಿಕೊಂಡು ಎರಡೂ ಒಂದಾಗುತ್ತವೆ. ಹಾಗಾದರೆ ಚಳಿಗೆ ಗಟ್ಟಿಯಾಗುವ ಭಾಗವೇ ಬೇಡ. ಅನಿತಾ ಸ್ಟೀಲ್ ಡಬರಿ ತುಂಬ ಎಣ್ಣೆಯನ್ನು ರಾತ್ರಿ ಹಿತ್ತಲಿನಲ್ಲಿಟ್ಟು, ಬೆಳಿಗ್ಗೆ ಅದು ಅರ್ಧ ಬೆಣ್ಣೆಯಂತೆ ಕೂತಾಗ ತೆಳು ಪಂಚೆಯಲ್ಲಿ ಸೋಸಿದಳು. ಆ ಚಳಿಗೂ ಹೆಪ್ಪುಗಟ್ಟದೆ ಸೋರಿ ಬಂದ ಎಣ್ಣೆಯನ್ನಷ್ಟೇ ತೆಗೆದುಕೊಂಡಳು. ಒಂದೇ ರಾತ್ರಿಗೆ ಸಾಲಲಿಲ್ಲ. ಮತ್ತೆ ಇಟ್ಟಳು, ಮತ್ತೆ ಸೋಸಿದಳು. ಚಳಿ ಇನ್ನೇನು ಊರು ಬಿಡುತ್ತಿತ್ತು. ಊರವರೆಲ್ಲ ಸದ್ಯ ಚಳಿ ಹೋಯಿತು ಎಂದು ಕಂಬಳಿ ಒಗೆದು ಹಾಕುತ್ತಿದ್ದರೆ, ಇವಳೊಬ್ಬಳು ಇನ್ನೆರಡು ದಿನ ಇರಪ್ಪಾ ಎಂದು ಬೇಡಿಕೊಳ್ಳುತ್ತಿದ್ದಳು.

ಮಿಲ್ಲಿನಲ್ಲಿ ಎಲ್ಲರೂ ಹೋದ ಮೇಲೆ ಮಿಷಿನ್ನಿಗೆ ಹಾಕಿದಳು. ನೀರಿಗೆ ಒಂದು ಚಿಟಿಕೆ ಅಂಟು, ಹನಿಗಳು ಒಂದರ ಮೈಮೇಲೊಂದು ಬೀಳದಷ್ಟು, ಆದರೆ ಹಾಲು ದಪ್ಪವಾಗದಷ್ಟು. ಕಡೆದು ಇಳಿಸಿದ ಮೇಲೆ ಒಮ್ಮೆಲೇ ಆರಲು ಬಿಡದೆ, ಪಾತ್ರೆ ಕೈಗೆ ತಣ್ಣಗೆ ತಾಗುವವರೆಗೂ ಕೈಬಿಡದೆ ತಿರುವಿದಳು. ಹೆಗಲು ಬಿದ್ದುಹೋಯಿತು.

ಹೊಸ ಸೀಸೆಯನ್ನು ಕಿಟಕಿಯಲ್ಲಿ ಹಳೆಯದರ ಪಕ್ಕ ಇಟ್ಟಳು. ರೂಢಿಯಂತೆ ಒಂದು ಚೀಟಿ ಹರಿದು 'ಮುಟ್ಟಬಾರದು' ಎಂದು ಬರೆದಳು. ಬರೆದು ಅದನ್ನು ಕೈಯಲ್ಲಿ ಹಿಡಿದು ಸುತ್ತಲೂ ನೋಡಿದಳು. ಯಾರು ಮುಟ್ಟಬೇಕು ಈಗ? ಚೀಟಿಯನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದಳು.

ಚಳಿ ಹೋಗುವ ಮುಂಚೆ ಒಂದು ಪಟ್ಟು ಹಾಕಿಯೇ ಹೋಯಿತು. ಮೂಡಲಿಂದ ಗಾಳಿ ಬೀಸಿ, ರಾತ್ರಿಯೆಲ್ಲ ತೆಂಗಿನ ಗರಿ ಭರಭರ ಎಂದವು. ಬೆಳಿಗ್ಗೆ ತಲೆಗೆ ಹಚ್ಚುವ ಎಣ್ಣೆ ಸೀಸೆಯಲ್ಲಿ ಮೇಣವಾಗಿತ್ತು. ಅನಿತಾ ಶಾಲು ಹೊದ್ದು ಕಿಟಕಿಯ ಹತ್ತಿರ ಹೋದಳು. ನೋಡಲು ಹೆದರಿಕೆಯಾಗಿ ಒಮ್ಮೆ ಅಡಿಗೆಮನೆಗೆ ಹೋಗಿ ಬಂದಳು.

ಹೊಸ ಸೀಸೆ ಬೆಳ್ಳಗೆ ನಿಂತಿತ್ತು. ತಳದಲ್ಲಿ ಗೆರೆಯಿಲ್ಲ. ಮೇಲೆ ಕಾಳಿಲ್ಲ. ಟಾರ್ಚು ಬಿಟ್ಟು ನೋಡಿದಳು, ಕೆಳಗೆ ಕುಳಿತು ನೋಡಿದಳು. ಯಾರೂ ಮುಟ್ಟದೆ, ಯಾರೂ ಕಾಯಿಸದೆ ನಿಂತ ಹಾಲು. ಪಕ್ಕದ ಹಳೆಯದರಲ್ಲಿ ತಿಳಿನೀರು ಅರ್ಧಕ್ಕೇರಿ, ಎಣ್ಣೆ ಗಡ್ಡೆಯಾಗಿ ಗಾಜಿಗೆ ಅಂಟಿಕೊಂಡಿತ್ತು. ಅನಿತಾಳಿಗೆ ಸಂತೋಷವಾಯಿತು. 'ನೋಡಿ' ಎನ್ನಲು ಬಾಯಿ ತೆರೆದಳು. ಜಗಲಿ, ನಡುಮನೆ, ಅಟ್ಟದ ತುಂಬ ಪೊರಕೆ. ಎದೆಯೊಳಗಿನ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ಅಲ್ಲೇ ಕುಳಿತಳು.

ಫೋನು ಬಡಿದುಕೊಂಡಿತು. ಅತ್ತೆ. ಅವಳಾಗಿ ಫೋನು ಮಾಡಿದ್ದು ಇದೇ ಮೊದಲು.

"ಇಲ್ಲಿ ಏನ್ ಚಳಿ ಅಂತೀಯ! ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಹೊಸ ಹಾಲು ಮಾಡಿದೀಯ ಅಂತ ಗಂಗಿ ಹೇಳಿದ್ಲು. ಹೆಂಗೈತೆ?"

"ನಿಂತೈತೆ ಅತ್ತೆ. ಯಾರೂ ಮುಟ್ಟಿಲ್ಲ. ಯುಗಾದಿ ಗಂಟ ಹಿಂಗೇ ನಿಂತ್ರೆ ಸಾರ್‌ಗೆ ತೋರುಸ್ತೀನಿ."

"ನಿಲ್ತೈತೆ ಬುಡು." ಹೊಂಬಾಳಮ್ಮ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಆದರೆ ಆ ದನಿಯಲ್ಲಿ ಏನೋ ಕಡಿಮೆಯಾಗಿತ್ತು, ಇನ್ನು ತನಗೆ ಕೆಲಸವಿಲ್ಲ ಎನ್ನುವವರ ಹಾಗೆ. "ಇನ್ನೇನು, ಕುಲುಕೋರ್ ಬ್ಯಾಡ ಅದಕ್ಕೆ. ಒಳ್ಳೇದೇ ಆಯ್ತು." ಆಮೇಲೆ ಕೇಳಿದಳು. "ಹಳೇದು? ಬಿಸಾಕ್ಬುಟ್ಟಾ?"

ಅನಿತಾ ಹಳೆಯ ಸೀಸೆಯನ್ನು ನೋಡಿದಳು.

"ಇಲ್ಲತ್ತೆ. ಐತೆ. ಅದೂ ಹಂಗೇ ಐತೆ, ಒಡೆದಿಲ್ಲ."

"ಊಂ..." ಎಂದಳು ಹೊಂಬಾಳಮ್ಮ. ನಂಬಿದಳೋ ಬಿಟ್ಟಳೋ ಹೇಳುವುದು ಕಷ್ಟ. "ತಣ್ಣೀರಾಗೆ ಮೈ ತೊಳ್ಕಂಡೀಯ. ಹಿತ್ಲಾಗೆ ಒಣಗಿರೋ ಮಟ್ಟೆ ಐತೆ."

"ಹೂಂ ಅತ್ತೆ."

ಫೋನಿಟ್ಟು ಅನಿತಾ ಹಿತ್ತಲಿಗೆ ಹೋದಳು. ಮಟ್ಟೆಯ ರಾಶಿಯ ಮೇಲೆ ಅತ್ತೆ ಹೊದಿಸಿ ಹೋಗಿದ್ದ ಪ್ಲಾಸ್ಟಿಕ್ಕು ಇಬ್ಬನಿಗೆ ನೆಂದಿತ್ತು. ಅಡಿಯಿಂದ ಒಣಗಿದ್ದನ್ನು ಆರಿಸಿಕೊಂಡು ಬಂದು ಬಚ್ಚಲ ಒಲೆಗೆ ತುರುಕಿದಳು. ಮೊದಲ ಸಲಕ್ಕೆ ಹತ್ತಲಿಲ್ಲ. ಹೊಗೆ ಕಣ್ಣಿಗೆ ತುಂಬಿ ಬುಳುಬುಳು ನೀರು ಬಂತು. ಊದಿ ಊದಿ ಬೆಂಕಿ ಮಾಡಿದಳು. ಹಂಡೆಗೆ ನೀರು ಸುರಿದಳು. ಆಮೇಲೆ ಹಳೆಯ ಸೀಸೆಯನ್ನು ತಂದು, ಒಲೆ ಕಟ್ಟೆಯ ಮೇಲೆ ಮಸಿಯ ನಡುವೆ ಸೀಸೆಯ ಗಾತ್ರಕ್ಕೆ ಸರಿಯಾಗಿ ಉಜ್ಜಿ ಬೆಳ್ಳಗಾಗಿದ್ದ ಜಾಗದಲ್ಲಿಟ್ಟು ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತಳು. ಗಡ್ಡೆ ಗಾಜಿನಿಂದ ಮೆಲ್ಲಗೆ ಬಿಟ್ಟುಕೊಂಡಿತು. ಪೂರ್ತಿ ಕರಗಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು, ಶಾಲಿನ ತುದಿಯಲ್ಲಿ ಒರೆಸಿದಳು, ಕಿಟಕಿಯಲ್ಲಿ ಹೊಸದರ ಪಕ್ಕಕ್ಕೆ ಇಟ್ಟು ಬಂದಳು.

ಬಚ್ಚಲಿಗೆ ವಾಪಸು ಬರುವಷ್ಟರಲ್ಲಿ ಹಂಡೆಯಲ್ಲಿ ಇಬ್ಬರಿಗಾಗುವಷ್ಟು ನೀರು ಕಾದಿತ್ತು.